ಪುಟ್ಟ ಮಕ್ಕಳ ಜೊತೆ ಕ್ರೂಸ್ ಹಡಗು ಹತ್ತಬಹುದೇ? ಫಾರ್ವರ್ಡ್ ಹೆದರಿಸುವುದು ಯಾವುದಕ್ಕೆ, ನಿಜಕ್ಕೂ ಹೆದರಬೇಕಾದದ್ದು ಯಾವುದಕ್ಕೆ

ಹಾಸನದ ಹತ್ತಿರದ ಕೊರವಂಗಲದಿಂದ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಮೆಸೇಜ್ ಕಳಿಸಿ, "ಇದು ನಿಜವಾ?" ಎಂದು ಕೇಳಿದ್ದರು. ಮೆಸೇಜಿನ ಸಾರಾಂಶ ಇಷ್ಟು: ಕ್ರೂಸ್ ಹಡಗುಗಳಲ್ಲಿ ಮತ್ತೆ ರೋಗ ಹರಡುತ್ತಿದೆ, ಒಮ್ಮೆ ಹತ್ತಿದರೆ ಇಳಿಯಲು ಬಿಡುವುದಿಲ್ಲ, ಮಕ್ಕಳಿಗೇ ಮೊದಲು ಬರುತ್ತದೆ, ಹೋಗಲೇಬೇಕಾದರೆ ಮಗುವಿನ ಕೊರಳಿಗೆ ಕರ್ಪೂರ-ಲವಂಗದ ಪೊಟ್ಟಣ ಕಟ್ಟಿ, ಸ್ಯಾನಿಟೈಸರ್ ಹಚ್ಚುತ್ತಿರಿ. ಜೊತೆಗೆ ದೊಡ್ಡ ಬಿಳಿ ಹಡಗಿನ ಪಕ್ಕ ಸಾಲಾಗಿ ನಿಂತ ಆಂಬ್ಯುಲೆನ್ಸ್‌ಗಳ ಫೋಟೊ.

ಕೇಳಿದವರ ಮನೆಯ ಸ್ಥಿತಿ ಹೀಗಿತ್ತು. ದಸರಾ ರಜೆಗೆ ಮುಂಬೈಯಿಂದ ಗೋವಾ ಕಡೆ ಹೋಗುವ ಹಡಗಿಗೆ ಮುಂಗಡ ಕಟ್ಟಿಯಾಗಿದೆ. ದೊಡ್ಡ ಮಗಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಹತ್ತು ತಿಂಗಳು. ಮೆಸೇಜ್ ಬಂದದ್ದು ಮನೆಯದೇ ಗ್ರೂಪಿನಲ್ಲಿ, ಕಳಿಸಿದವರು ಅತ್ತೆ. "ಅತ್ತೆ ಬೇಡ ಅಂತಾರೆ, ಮನೆಯವರು ದುಡ್ಡು ವಾಪಸ್ ಬರಲ್ಲ ಅಂತಾರೆ, ನಾನು ಯಾರ ಮಾತು ಕೇಳಲಿ?" ಎಂದು ಬರೆದಿದ್ದರು. ಇಂಥ ಪ್ರಶ್ನೆಗೆ "ಸುಳ್ಳು ಸುದ್ದಿ" ಎಂದು ಒಂದು ಮುದ್ರೆ ಒತ್ತಿ ಕಳಿಸಿದರೆ ಸಾಲದು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇವೆ.

ಅತ್ತೆಯವರ ಭಯವನ್ನು ನಾವು ತಮಾಷೆ ಮಾಡುವುದಿಲ್ಲ. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯವರು ಕಂಡ ದಿನಗಳು ನೆನಪಿರಬೇಕು. ಹೃದಯಾಘಾತದ ಸುದ್ದಿ ಒಂದರ ಮೇಲೊಂದು ಬರುತ್ತಿತ್ತು, ಎಣಿಕೆ ದಿನಕ್ಕೊಂದು ಏರುತ್ತಿತ್ತು, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಬೆಳಗ್ಗೆಯೇ ಸಾಲು ನಿಂತಿದ್ದರು. ಆಮೇಲೆ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಪಟ್ಟವೇ ಆಗಿರಲಿಲ್ಲ. ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿದೆ ಎನ್ನಲು ಆಧಾರ ಸಿಗಲಿಲ್ಲ. ಸತ್ತವರು ಸತ್ತದ್ದು ನಿಜ, ಮನೆಯವರ ದುಃಖ ನಿಜ. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ಎಣಿಸಿದ್ದರಿಂದ ಹುಟ್ಟಿದ ಚಿತ್ರ ಮಾತ್ರ ಬೇರೆ. ಹಡಗಿನ ಫಾರ್ವರ್ಡ್‌ನಲ್ಲೂ ಆಗಿರುವುದು ಅದೇ.

ಫೋಟೊದಲ್ಲಿರುವ ಹಡಗು ಯಾವುದು?

ಅದು ಹೊಸದಲ್ಲ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್ ಹಡಗು. ಜನವರಿ 25ರಂದು ಹಾಂಗ್‌ಕಾಂಗ್‌ನಲ್ಲಿ ಇಳಿದುಹೋದ ಪ್ರಯಾಣಿಕರೊಬ್ಬರಿಗೆ ಆಮೇಲೆ ಕೋವಿಡ್ ಇರುವುದು ಗೊತ್ತಾಯಿತು. ಹಡಗಿನಲ್ಲಿದ್ದ 3,711 ಜನರನ್ನು ಯೊಕೊಹಾಮಾದಲ್ಲಿ ತಡೆದು ನಿಲ್ಲಿಸಲಾಯಿತು. ಅವರಲ್ಲಿ 712 ಮಂದಿಗೆ ಸೋಂಕು ತಗುಲಿತು. 138 ಭಾರತೀಯರಿದ್ದರು. ಅವರಲ್ಲಿ 132 ಮಂದಿ ಹಡಗಿನ ಕೆಲಸಗಾರರು, ಪ್ರಯಾಣಿಕರು 6 ಮಂದಿ ಮಾತ್ರ. ಕಾರವಾರದ ಯುವಕರೊಬ್ಬರೂ ಕೆಲಸಗಾರರಲ್ಲಿ ಇದ್ದರು. ಅವರ ಮನೆಯವರು ಆಗ ಕನ್ನಡ ಟಿ.ವಿ. ವಾಹಿನಿಗಳಲ್ಲಿ ಮಾತಾಡಿದ್ದನ್ನು ಕೆಲವರಾದರೂ ನೋಡಿರುತ್ತೀರಿ.

ಈ ಲೆಕ್ಕವನ್ನು ಎರಡು ಕಡೆಯಿಂದ ಓದಬಹುದು. ಐವರಲ್ಲಿ ಒಬ್ಬರಿಗೆ ಸೋಂಕು ತಗುಲಿದ್ದು ಬಹಳ ಹೆಚ್ಚು. ಆದರೆ ಲಸಿಕೆಯೇ ಇಲ್ಲದ ಕಾಲದಲ್ಲಿ, ವಾರಗಟ್ಟಲೆ ಒಂದೇ ಹಡಗಿನಲ್ಲಿದ್ದ ಐವರಲ್ಲಿ ನಾಲ್ವರಿಗೆ ಸೋಂಕು ಪತ್ತೆಯಾಗಲಿಲ್ಲ. ಸತ್ತವರಲ್ಲಿ ಬಹುತೇಕರು ವಯಸ್ಸಾದವರು. "ಮಕ್ಕಳಿಗೇ ಮೊದಲು ಬರುತ್ತದೆ" ಎಂಬ ಮಾತಿಗೆ ಆ ಹಡಗಿನಿಂದ ಆಧಾರ ಸಿಗುವುದಿಲ್ಲ.

"ಇಳಿಯಲು ಬಿಡುವುದಿಲ್ಲ" ಎಂಬ ಮಾತು ಮಾತ್ರ ಪೂರ್ತಿ ಸುಳ್ಳಲ್ಲ. 2020ರ ಮಾರ್ಚ್ ಮೊದಲ ವಾರದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಬರಬೇಕಿದ್ದ ಎಂಎಸ್‌ಸಿ ಲಿರಿಕಾ ಎಂಬ ಪ್ರವಾಸಿ ಹಡಗಿಗೆ ಅನುಮತಿ ಸಿಗಲಿಲ್ಲ. 2022ರ ಜನವರಿಯಲ್ಲಿ ಮುಂಬೈಯಿಂದ ಗೋವಾಕ್ಕೆ ಬಂದ ಕಾರ್ಡೇಲಿಯಾ ಹಡಗಿನ 66 ಪ್ರಯಾಣಿಕರಿಗೆ ಕೋವಿಡ್ ದೃಢಪಟ್ಟು, ಸುಮಾರು ಎರಡು ಸಾವಿರ ಜನರಿದ್ದ ಹಡಗು ಮುಂಬೈಗೆ ವಾಪಸಾಯಿತು. ಇವೆರಡೂ ಕೋವಿಡ್ ಕಾಲದವು. ಇವತ್ತು ಸಾಮಾನ್ಯ ಶೀತ-ಜ್ವರಕ್ಕೆ ಇಡೀ ಹಡಗನ್ನು ತಡೆಯುವುದಿಲ್ಲ. ಆದರೆ ಆತಂಕದ ಕಾಲದಲ್ಲಿ, ಅದು ರೋಗದ್ದಾಗಲಿ ಯುದ್ಧದ್ದಾಗಲಿ, ಹಡಗಿನ ದಾರಿ ಬದಲಾಗಬಹುದು, ಒಂದು ಊರನ್ನು ಬಿಟ್ಟು ಮುಂದೆ ಹೋಗಬಹುದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಎಷ್ಟೋ ಪ್ರವಾಸಿ ಹಡಗುಗಳು ಆ ದಾರಿಯನ್ನೇ ಬಿಟ್ಟವು. ಟಿಕೆಟ್ಟಿನ ಷರತ್ತುಗಳಲ್ಲಿ ಹೀಗೆ ಬದಲಿಸುವ ಹಕ್ಕನ್ನು ಕಂಪನಿಗಳು ಸಾಮಾನ್ಯವಾಗಿ ತಮ್ಮಲ್ಲೇ ಇಟ್ಟುಕೊಂಡಿರುತ್ತವೆ. ದುಡ್ಡು ಕಟ್ಟುವ ಮೊದಲು ಓದಬೇಕಾದ ಪುಟ ಅದು.

ಹಾಗಾದರೆ ಹಡಗಿನಲ್ಲಿ ನಿಜವಾಗಿ ಬರುವ ಕಾಯಿಲೆ ಯಾವುದು?

ವಾಂತಿ-ಭೇದಿ. ಅದರಲ್ಲೂ ನೊರೊವೈರಸ್ ಎಂಬ ವೈರಾಣುವಿನಿಂದ ಬರುವುದು. ಒಂದೇ ಊಟದ ಸಾಲು, ಎಲ್ಲರೂ ಮುಟ್ಟುವ ಸೌಟು, ಮೆಟ್ಟಿಲ ಕಂಬಿ, ಲಿಫ್ಟಿನ ಗುಂಡಿ, ಮಕ್ಕಳ ಆಟದ ಕೋಣೆ, ಇವೇ ಅದರ ದಾರಿ. ಮೈಗೆ ಸೇರಿದ 12ರಿಂದ 48 ಗಂಟೆಯೊಳಗೆ ವಾಂತಿ, ನೀರು ಭೇದಿ ಶುರುವಾಗುತ್ತದೆ. ಹೆಚ್ಚಿನವರಿಗೆ ಒಂದರಿಂದ ಮೂರು ದಿನದಲ್ಲಿ ವಾಸಿ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ, 1975ರಿಂದ ಹಡಗುಗಳ ಸ್ವಚ್ಛತೆಯನ್ನು ತಪಾಸಣೆ ಮಾಡುತ್ತಿದೆ. ಅದರ ವ್ಯಾಪ್ತಿಗೆ ಬರುವ ಹಡಗಿನಲ್ಲಿ ಪ್ರಯಾಣಿಕರಲ್ಲಾಗಲಿ ಸಿಬ್ಬಂದಿಯಲ್ಲಾಗಲಿ ನೂರಕ್ಕೆ 3 ಮಂದಿಗೆ ವಾಂತಿ-ಭೇದಿಯಾದರೆ ಅದನ್ನು ಹೆಸರು ಸಮೇತ ಪ್ರಕಟಿಸುತ್ತದೆ. "ಹಡಗಿನಲ್ಲಿ ರೋಗ" ಎಂಬ ಸುದ್ದಿ ಮತ್ತೆಮತ್ತೆ ಬರುವುದಕ್ಕೆ ಇದೂ ಒಂದು ಕಾರಣ. ಅದೇ ಸಂಸ್ಥೆಯ ಪ್ರಕಾರ, ಅಲ್ಲಿ ವರದಿಯಾಗುವ ಎಲ್ಲ ನೊರೊವೈರಸ್ ಹರಡುವಿಕೆಗಳಲ್ಲಿ ಹಡಗುಗಳ ಪಾಲು ಸುಮಾರು ಶೇ. 1 ಮಾತ್ರ. ನಮ್ಮೂರಿನ ಮದುವೆ ಊಟ, ಹಾಸ್ಟೆಲ್ ಊಟ ತಿಂದು ವಾಂತಿ-ಭೇದಿಯಾದವರನ್ನು ಯಾರೂ ಹೀಗೆ ಎಣಿಸಿ ಪ್ರಕಟಿಸುವುದಿಲ್ಲ.

ಇಲ್ಲಿ ಫಾರ್ವರ್ಡ್‌ನ ದೊಡ್ಡ ತಪ್ಪೊಂದಿದೆ. ನೊರೊವೈರಸ್‌ಗೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೋವಿಡ್ ವೈರಾಣುವಿನ ಸುತ್ತ ಕೊಬ್ಬಿನ ಪದರವಿದೆ, ಆಲ್ಕೋಹಾಲ್ ಅದನ್ನು ಒಡೆಯುತ್ತದೆ. ನೊರೊವೈರಸ್‌ಗೆ ಆ ಪದರವೇ ಇಲ್ಲ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 20 ಸೆಕೆಂಡು ಉಜ್ಜಿ ತೊಳೆಯುವುದೇ ದಾರಿ. ಊಟಕ್ಕೆ ಮುಂಚೆ, ಶೌಚದ ನಂತರ, ಆಟದ ಕೋಣೆಯಿಂದ ಬಂದ ಕೂಡಲೇ, ಡೈಪರ್ ಬದಲಿಸಿದ ಮೇಲೆ. ನಾಲ್ಕು ವರ್ಷದ ಮಗುವಿಗೆ ಮನೆಯಲ್ಲೇ ಒಂದು ವಾರ ಅಭ್ಯಾಸ ಮಾಡಿಸಿ. ಹಡಗಿಗೆ ಹೋಗದಿದ್ದರೂ ನಷ್ಟವಿಲ್ಲ.

ಕರ್ಪೂರದ ಪೊಟ್ಟಣದ ಮಾತು ಬೇರೆ, ಅದು ಅಪಾಯಕಾರಿ. 2021ರಲ್ಲಿ ಆಮ್ಲಜನಕ ಹೆಚ್ಚಿಸುತ್ತದೆ ಎಂದು ಓಡಾಡಿದ ಪೊಟ್ಟಣವೇ ಈಗ ಹೊಸ ವೇಷದಲ್ಲಿ ಬಂದಿದೆ. ಅದು ಯಾವ ವೈರಾಣುವನ್ನೂ ತಡೆಯುವುದಿಲ್ಲ. ಪುಟ್ಟ ಮಗು ಸ್ವಲ್ಪ ಕರ್ಪೂರ ನುಂಗಿದರೂ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಹತ್ತು ತಿಂಗಳ ಮಗುವಿನ ಕೊರಳಿಗೆ ಅದನ್ನು ಕಟ್ಟಬಾರದು. ಅತ್ತೆಯವರಿಗೆ ಬೇರೇನು ಹೇಳದಿದ್ದರೂ ಇದೊಂದನ್ನು ಹೇಳಿ ಎಂದು ನಾವು ಆ ಓದುಗರಿಗೆ ಮೊದಲೇ ಬರೆದೆವು.

ಮಗುವಿಗೆ ವಾಂತಿ-ಭೇದಿ ಶುರುವಾದರೆ ಬೇಕಾದದ್ದು ಓ.ಆರ್.ಎಸ್. ಪುಡಿ. ಪೊಟ್ಟಣದ ಮೇಲೆ ಬರೆದಷ್ಟೇ ಕುಡಿಯುವ ನೀರಿಗೆ ಪೂರ್ತಿ ಪೊಟ್ಟಣ ಹಾಕಬೇಕು, ಅರ್ಧ ಹಾಕಿ ಅಂದಾಜು ಮಾಡಬಾರದು. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ., ಚಮಚದಲ್ಲಿ ನಿಧಾನವಾಗಿ. ಎದೆಹಾಲು ನಿಲ್ಲಿಸಬೇಡಿ. ದೊಡ್ಡವರು ಭೇದಿ ನಿಲ್ಲಲು ನುಂಗುವ ಲೋಪೆರಮೈಡ್ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬೇಡಿ. ಅಂಗಡಿಯ ಫ್ರಿಜ್ಜಿನಲ್ಲಿ ಸಿಗುವ ಸಿಹಿ ಡಬ್ಬಿ ಪಾನೀಯವನ್ನು ಓ.ಆರ್.ಎಸ್. ಎಂದು ನಂಬಿ ಕೊಡುವವರಿದ್ದಾರೆ. ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕುವುದನ್ನೇ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ಮೆಡಿಕಲ್ ಶಾಪಿನಿಂದ ಪುಡಿಯ ಪೊಟ್ಟಣವನ್ನೇ ಊರಿನಿಂದ ತೆಗೆದುಕೊಂಡು ಹೋಗಿ. ಅತ್ತರೆ ಕಣ್ಣೀರು ಬರುತ್ತಿಲ್ಲ, ಕಣ್ಣು ಒಳಗೆ ಹೋಗಿದೆ, ಆರೆಂಟು ಗಂಟೆಯಿಂದ ಮೂತ್ರ ಹೋಗಿಲ್ಲ, ಮಗು ತೂಕಡಿಸುತ್ತಲೇ ಇದೆ ಎಂದಾದರೆ ಕಾಯದೆ ಹಡಗಿನ ವೈದ್ಯರ ಬಳಿ ಹೋಗಬೇಕು. "ಹೇಳಿದರೆ ರೂಮಿನಲ್ಲಿ ಕೂಡಿಹಾಕುತ್ತಾರೆ" ಎಂದು ಕೆಲವರು ಮುಚ್ಚಿಡುತ್ತಾರೆ. ರೂಮಿನಲ್ಲಿ ಇರಲು ಹೇಳುವುದು ನಿಜ. ವಾಂತಿ-ಭೇದಿ ನಿಂತ ಮೇಲೂ 48 ಗಂಟೆ ಬೇರೆಯವರಿಂದ ದೂರ ಇರಬೇಕು. ಪಕ್ಕದ ರೂಮಿನಲ್ಲೂ ಯಾರದೋ ಕೂಸು ಇರುತ್ತದೆ.

ಹತ್ತು ತಿಂಗಳ ಮಗುವಿನ ಪ್ರಶ್ನೆ

ನಾವು ಹೆಚ್ಚು ಯೋಚಿಸಿದ್ದು ಇದರ ಬಗ್ಗೆ. ಅನೇಕ ಹಡಗು ಕಂಪನಿಗಳು ಆರು ತಿಂಗಳು ತುಂಬಿದ ಮಗುವನ್ನು ಹತ್ತಿಸಿಕೊಳ್ಳುತ್ತವೆ. ಬಹಳ ದಿನ ನಡುಸಮುದ್ರದಲ್ಲೇ ಇರುವ ಪ್ರಯಾಣಕ್ಕಾದರೆ ಒಂದು ವರ್ಷ ತುಂಬಿರಬೇಕು ಎನ್ನುತ್ತವೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ 24 ವಾರದ ಮಿತಿ. ಆದರೆ ಕಂಪನಿ ಹತ್ತಿಸಿಕೊಳ್ಳುತ್ತದೆ ಎಂಬುದೇ ಹೋಗಲು ಕಾರಣವಾಗಬಾರದು.

ತಾಯಿ ಕಾರ್ಡ್ ತೆಗೆದು ಲಸಿಕೆಯ ಪುಟ ನೋಡಿ. ದಡಾರದ ಎಂ.ಆರ್. ಲಸಿಕೆಯ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ನಡುವೆ. ಹತ್ತು ತಿಂಗಳ ಮಗುವಿಗೆ ಹೆಚ್ಚೆಂದರೆ ಒಂದು ಡೋಸ್ ಆಗಿರುತ್ತದೆ. ದಡಾರ ಬಹಳ ವೇಗವಾಗಿ ಹರಡುವ ಕಾಯಿಲೆ. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ವೈರಾಣು ಉಳಿಯಬಲ್ಲದು. ರಕ್ಷಣೆ ಇಲ್ಲದ ಹತ್ತು ಜನ ಅವರ ಹತ್ತಿರ ಇದ್ದರೆ ಒಂಬತ್ತು ಜನರಿಗೆ ತಗುಲಬಹುದು. ಸಾವಿರಾರು ಜನ ಸೇರುವ ಜಾಗಕ್ಕೆ ಎರಡೂ ಡೋಸ್ ಆದ ಮೇಲೆ ಹೋಗುವುದು ನೆಮ್ಮದಿ. ರೋಟಾವೈರಸ್ ಹನಿ ಹಾಕಿಸಿದೆ, ಭೇದಿ ಬರುವುದಿಲ್ಲ ಎಂದುಕೊಳ್ಳಬೇಡಿ, ಅದು ನೊರೊವೈರಸ್‌ಗೆ ಅಲ್ಲ. ಫ್ಲೂ ಲಸಿಕೆ ಸರ್ಕಾರಿ ಪಟ್ಟಿಯಲ್ಲಿ ಇಲ್ಲ, ಆದರೆ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಪ್ರತಿ ವರ್ಷ ಹಾಕಿಸುವಂತೆ ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ.

ಇನ್ನೊಂದು ವಿಷಯ ಹಡಗಿನ ಆಸ್ಪತ್ರೆ. ಡಾಕ್ಟರ್, ನರ್ಸ್, ಡ್ರಿಪ್, ಆಮ್ಲಜನಕ ಇರುತ್ತದೆ. ಮಕ್ಕಳ ತಜ್ಞರು ಇರುತ್ತಾರೆ ಎಂದು ನಂಬಿ ಹತ್ತುವಂತಿಲ್ಲ. ಗಂಭೀರವಾದರೆ ಮುಂದಿನ ಬಂದರಿನವರೆಗೆ ಸುಧಾರಿಸಿಕೊಂಡು ಸಾಗಿಸುವುದು, ಇಲ್ಲವೇ ಹೆಲಿಕಾಪ್ಟರ್ ಕರೆಸುವುದು. ಕೊರವಂಗಲದಿಂದ ಹಾಸನದ ಜಿಲ್ಲಾ ಆಸ್ಪತ್ರೆಗೆ ಮಧ್ಯರಾತ್ರಿಯಲ್ಲೂ 108 ಕರೆಸಿ ಹೋಗಬಹುದು. ಅವಧಿಗೆ ಮುಂಚೆ ಹುಟ್ಟಿದ, ಉಬ್ಬಸವಿರುವ, ಫಿಟ್ಸ್ ಬಂದಿರುವ ಮಗುವಿನ ತಂದೆತಾಯಿ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಪ್ರಯಾಣ ವಿಮೆ ಮಾಡಿಸುವಾಗ ಹಡಗಿನಲ್ಲಾಗುವ ಚಿಕಿತ್ಸೆ, ಅಲ್ಲಿಂದ ಸಾಗಿಸುವ ಖರ್ಚು ಸೇರಿದೆಯೇ ಎಂದು ಬರವಣಿಗೆಯಲ್ಲೇ ಕೇಳಿ.

ತಲೆಸುತ್ತು, ವಾಂತಿಯ ಬಗ್ಗೆ ಹೆಚ್ಚು ಹೆದರಬೇಕಿಲ್ಲ. ಶಿರಾಡಿ ಘಾಟಿಯ ತಿರುವಿನಲ್ಲಿ ವಾಂತಿ ಮಾಡುವ ಮಗು ಹಡಗಿನಲ್ಲೂ ಮಾಡಬಹುದು. ಇದು ಹೆಚ್ಚಾಗಿ ಎರಡರಿಂದ ಹನ್ನೆರಡು ವರ್ಷದವರಿಗೆ, ಅದಕ್ಕಿಂತ ಚಿಕ್ಕವರಿಗೆ ಅಪರೂಪ. ಹಡಗಿನ ನಡುಭಾಗದ, ಕೆಳ ಅಂತಸ್ತಿನ ರೂಮಿನಲ್ಲಿ ಅಲುಗಾಟ ಕಡಿಮೆ. ಮಗುವಿನ ಕೈಯಿಂದ ಮೊಬೈಲ್ ತೆಗೆದು ದೂರದ ನೀರು-ಆಕಾಶ ಸೇರುವ ಗೆರೆ ತೋರಿಸಿ. ನಿಂಬೆಹಣ್ಣು ಮೂಸಿಸುವುದರಿಂದ ಕೆಡುಕೇನಿಲ್ಲ. ಮಾತ್ರೆ ಮಾತ್ರ ಡಾಕ್ಟರನ್ನು ಕೇಳಿಯೇ ಕೊಡಬೇಕು. ಪ್ರೊಮೆಥಜೀನ್ ಇರುವ ಔಷಧಿಯನ್ನು ಎರಡು ವರ್ಷದೊಳಗಿನವರಿಗೆ ಕೊಡುವಂತಿಲ್ಲ. ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಬಹಳ ಒರಟಾಗಿರುತ್ತದೆ, ಆ ತಿಂಗಳುಗಳನ್ನು ಬಿಟ್ಟುಬಿಡಿ.

ಹಡಗು ಮುಳುಗಿದರೆ?

ಇದನ್ನೂ ಅತ್ತೆಯವರು ಕೇಳಿದ್ದರು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ, ಹಡಗಿನ ಸುರಕ್ಷತೆಗೆ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದರ ಈಗಿನ ರೂಪದ ಪ್ರಕಾರ ದೇಶದಿಂದ ದೇಶಕ್ಕೆ ಹೋಗುವ ಪ್ರಯಾಣಿಕ ಹಡಗಿನಲ್ಲಿ ಇರುವ ಜನಕ್ಕಿಂತ ಕಾಲುಪಾಲು ಹೆಚ್ಚು ಜನರಿಗೆ ಆಗುವಷ್ಟು ರಕ್ಷಣಾ ದೋಣಿ ಮತ್ತು ತೆಪ್ಪಗಳಿರಬೇಕು. ಪ್ರತಿ ಮಗುವಿಗೂ ಅದರ ಅಳತೆಯ ಲೈಫ್ ಜಾಕೆಟ್ ಇರಬೇಕು, 24 ಗಂಟೆಗಿಂತ ಹೆಚ್ಚಿನ ಪ್ರಯಾಣದಲ್ಲಿ ಕೂಸುಗಳಿಗೂ ಬೇರೆ ಅಳತೆಯದು. 2012ರ ಜನವರಿ 13ರಂದು ಇಟಲಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಮಂದಿ ಸತ್ತರು. ಹಡಗಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದರು. ಆಗ, ಅವತ್ತೇ ಹತ್ತಿದ ಪ್ರಯಾಣಿಕರಿಗೆ ತುರ್ತು ಅಭ್ಯಾಸ ಇನ್ನೂ ಆಗಿರಲಿಲ್ಲ. ಆ ಕಾಲದ ನಿಯಮದಲ್ಲಿ 24 ಗಂಟೆಯ ಅವಕಾಶವಿತ್ತು. 2015ರಿಂದ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಅಭ್ಯಾಸ ಮಾಡಿಸಬೇಕು. ಮಕ್ಕಳು ಅಳುತ್ತಾರೆ, ಸುಸ್ತಾಗಿದೆ ಎಂದು ಅದನ್ನು ತಪ್ಪಿಸಬೇಡಿ. ನಿಮ್ಮ ಗುಂಪು ಸೇರುವ ಜಾಗ ಯಾವುದು, ಕೂಸಿನ ಜಾಕೆಟ್ ಎಲ್ಲಿ ಕೊಡುತ್ತಾರೆ ಎಂದು ಅಲ್ಲೇ ಕೇಳಿ. ಮಗಳು ಆಟದ ಕೋಣೆಯಲ್ಲಿದ್ದಾಗ ಗಂಟೆ ಬಾರಿಸಿದರೆ ಯಾರು ಕರೆತರುತ್ತಾರೆ ಎಂದೂ ಕೇಳಿ.

ಹಡಗಿನಲ್ಲಿ ಮಗುವಿಗೆ ಹೆಚ್ಚು ಹತ್ತಿರದ ಅಪಾಯ ಈಜುಕೊಳದ ನೀರು. ಎಷ್ಟೋ ಹಡಗುಗಳ ಈಜುಕೊಳದ ಬಳಿ ಕಾವಲಿಗೆ ಯಾರೂ ಇರುವುದಿಲ್ಲ. ಪುಟ್ಟ ಮಕ್ಕಳು ಮುಳುಗುವಾಗ ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು, ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನವರು. "ನೀವು ನೋಡ್ತಿದ್ದೀರಲ್ಲ" ಎಂದು ಗಂಡ ಹೆಂಡತಿ ಇಬ್ಬರೂ ಅಂದುಕೊಳ್ಳುವ ಐದು ನಿಮಿಷವೇ ಸಾಕು. ಸರದಿ ಹಾಕಿಕೊಳ್ಳಿ, ಸರದಿಯಲ್ಲಿ ಇರುವವರು ಫೋನ್ ಮುಟ್ಟಬಾರದು.

ದೊಡ್ಡ ಹಡಗಿಗಿಂತ ಚಿಕ್ಕ ದೋಣಿ

ನಮ್ಮ ಮುಖ್ಯ ಮಾತು ಇಲ್ಲಿದೆ. ಸಾವಿರಾರು ಜನರ ದೊಡ್ಡ ಹಡಗಿಗೆ ಹೆದರುವ ನಾವು ಇಪ್ಪತ್ತು ಜನರ ದೋಣಿಗೆ ಯೋಚನೆಯನ್ನೇ ಮಾಡದೆ ಹತ್ತುತ್ತೇವೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರು ಅದರಲ್ಲಿದ್ದರು, ಮಕ್ಕಳೂ ಇದ್ದರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಕತ್ತಲಾದ ಮೇಲೆ ಹೊರಟ ವಿಹಾರ ದೋಣಿ ಮಗುಚಿ 22 ಮಂದಿ ಸತ್ತರು, ಹಲವರು ಮಕ್ಕಳು. ಅಲ್ಲೂ ಕಾರಣಗಳಲ್ಲೊಂದು ಅತಿಯಾದ ಜನ. 2024ರ ಡಿಸೆಂಬರ್ 18ರಂದು ಮುಂಬೈಯ ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾಕ್ಕೆ ಹೊರಟಿದ್ದ ನೀಲ್‌ಕಮಲ್ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಡಿಕ್ಕಿ ಹೊಡೆದು 15 ಮಂದಿ ಸತ್ತರು. ಕ್ರೂಸ್ ಹತ್ತಲು ಮುಂಬೈಗೆ ಹೋದ ಕುಟುಂಬಗಳು ಹಿಂದಿನ ದಿನ ಎಲಿಫೆಂಟಾ ನೋಡಿಕೊಂಡು ಬರುವುದುಂಟು. ಅವರಿಗೆ ಹೆಚ್ಚು ಎಚ್ಚರ ಬೇಕಿರುವುದು ಆ ದಿನ.

ಅಷ್ಟು ದೂರವೂ ಬೇಡ. ಮಳೆಗಾಲದಲ್ಲಿ ಗೊರೂರಿನ ಹೇಮಾವತಿ ಹಿನ್ನೀರು ಏರಿ ಶೆಟ್ಟಿಹಳ್ಳಿಯ ಹಳೇ ಚರ್ಚು ಅರ್ಧ ಮುಳುಗಿದಾಗ, ತೆಪ್ಪದಲ್ಲಿ ಕೂತು ಸುತ್ತು ಹಾಕಿ ಫೋಟೊ ತೆಗೆಸಿಕೊಳ್ಳುವವರನ್ನು ಹಾಸನದವರು ನೋಡಿಯೇ ಇದ್ದೀರಿ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಜಾಕೆಟ್ ಇಲ್ಲದೆ. ಎಷ್ಟು ಜನರ ಮಿತಿ ಎಂದು ಕೇಳಿ, ಅದಕ್ಕಿಂತ ಒಬ್ಬರು ಹೆಚ್ಚಾದರೂ ಇಳಿದುಬಿಡಿ. ಸೂರ್ಯ ಮುಳುಗಿದ ಮೇಲೆ ಹತ್ತಬೇಡಿ. ಜಾಕೆಟ್ ಮಗುವಿನ ಅಳತೆಯದಾಗಿರಬೇಕು. ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ, ಕಿವಿಯವರೆಗೆ ಜಾರಿಬಂದರೆ ಅದು ದೊಡ್ಡದು. ಕಾಲ ಸಂದಿಯಲ್ಲಿ ಬರುವ ಪಟ್ಟಿಯನ್ನು ಹಾಕಲೇಬೇಕು. ಗಾಳಿ ತುಂಬಿದ ಟ್ಯೂಬು ಆಟದ ಸಾಮಾನು, ಜಾಕೆಟ್ ಅಲ್ಲ.

ಕೊರವಂಗಲದ ಓದುಗರಿಗೆ ನಾವು ಬರೆದದ್ದು: ನಾಲ್ಕು ವರ್ಷದ ಮಗಳು ಮಾತ್ರ ಇದ್ದಿದ್ದರೆ ಹೋಗಿ ಬನ್ನಿ ಎನ್ನುತ್ತಿದ್ದೆವು. ಹತ್ತು ತಿಂಗಳ ಕೂಸೂ ಇರುವುದರಿಂದ, ದಿನಾಂಕ ಮುಂದೂಡಲು ಸಾಧ್ಯವೇ ಎಂದು ಮೊದಲು ಕೇಳಿ, ನಿಮ್ಮ ಮಕ್ಕಳ ಡಾಕ್ಟರ ಅಭಿಪ್ರಾಯವನ್ನೂ ಪಡೆಯಿರಿ. ಕಂಪನಿ ಒಂದಿಷ್ಟು ಶುಲ್ಕ ಹಿಡಿದುಕೊಂಡು ಒಪ್ಪಿತಂತೆ. ಚಿಕ್ಕವನಿಗೆ ಎರಡನೇ ಎಂ.ಆರ್. ಆದ ಮೇಲೆ, ಬೇಸಿಗೆ ರಜೆಯಲ್ಲಿ, ಮುಂಗಾರಿಗೆ ಮುಂಚೆ ಹೊರಡುವುದೆಂದು ತೀರ್ಮಾನಿಸಿದ್ದಾರೆ. ಕರ್ಪೂರದ ಪೊಟ್ಟಣವನ್ನು ಅತ್ತೆಯವರೇ ಬಿಚ್ಚಿ ದೇವರ ಮನೆಯ ಮೇಲಿನ ಗೂಡಿನಲ್ಲಿ, ಮಕ್ಕಳ ಕೈಗೆಟುಕದಂತೆ ಇಟ್ಟಿದ್ದಾರಂತೆ. ತಾವೂ ಬರುತ್ತೇನೆ ಎನ್ನುತ್ತಿದ್ದಾರೆ. ಅವರಿಗೆ ಬಿ.ಪಿ. ಇದೆಯಂತೆ, ಮಾತ್ರೆಯನ್ನು ಎಷ್ಟು ದಿನಕ್ಕೆ ತೆಗೆದುಕೊಂಡು ಹೋಗಬೇಕು ಎಂದು ಈಗ ಕೇಳಿದ್ದಾರೆ. ಪ್ರಯಾಣದ ದಿನಗಳಿಗಿಂತ ಕನಿಷ್ಠ ಒಂದು ವಾರ ಹೆಚ್ಚಿಗೆ, ಡಾಕ್ಟರ ಚೀಟಿಯೊಂದಿಗೆ, ದೊಡ್ಡ ಸೂಟ್‌ಕೇಸಿನಲ್ಲಿ ಅಲ್ಲ, ಕೈಚೀಲದಲ್ಲಿ.